ಕ್ಯಾಚರ್ ಕಾರ್ಡಿನ ನಾಲ್ಕು ಮೂಲೆಗಳು

ರೌಸ್ ಹಿಲ್, ಸಿಡ್ನಿ
7 ಫೆಬ್ರವರಿ 2016

ಶ್ರೀ ಕ್ಲಿಫರ್ಡ್ ಲೋಬೊ ಅವರಿಗೆ,

ನಾನು ಸಂಪತ್‌ನ ತಂದೆ ಹಿರಿಯಣ್ಣ. ಮೆಲ್ಬರ್ನಿನಲ್ಲಿ ಓದುವಾಗ ನನ್ನ ಮಗನೊಡನೆ ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ನಿಮಗೆ ಹೀಗೆ ಪರಿಚಯ ಹೇಳಿಕೊಳ್ಳುವ ಪ್ರಸಂಗ ಬರಬಾರದಿತ್ತು. ಆದರೆ ಹದಿನೇಳು ತಿಂಗಳ ಹಿಂದೆ ಅವನ ಅಂತ್ಯಕ್ರಿಯೆಗೆ ಬಂದು, ಕೊನೆಯ ಸಾಲಿನಲ್ಲಿ ನಿಂತು, ನನಗೂ ನನ್ನ ಹೆಂಡತಿಗೂ ಮುಖ ತೋರಿಸದೆ ಹೊರಟುಹೋದವರ ನೆನಪಿನ ಮೇಲೆ ನಾನು ಭರವಸೆ ಇಟ್ಟುಕೊಳ್ಳಲಾರೆ.

ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಆಡಿದ ಮಾತನ್ನು ಇಬ್ಬರೂ ತಮತಮಗೆ ಅನುಕೂಲವಾಗುವಂತೆ ನೆನಪಿಟ್ಟುಕೊಳ್ಳುತ್ತಾರೆ, ಬರೆದದ್ದು ಬರೆದ ಹಾಗೆ ಇರುತ್ತದೆ. ನಿಮ್ಮ ಉತ್ತರವೂ ಕಾಗದದಲ್ಲೇ ಬರಬೇಕು.

ವಿಷಯ ಒಂದು ಬೇಸ್‌ಬಾಲ್ ಕಾರ್ಡಿನದು. 1955ರಲ್ಲಿ ಅಮೆರಿಕದಲ್ಲಿ ಅಚ್ಚಾದದ್ದು. ಬಿಳಿ ಅಂಚಿನ ನಡುವೆ, ಕೆಂಪು ಟೋಪಿ ಹಾಕಿ, ನಮ್ಮ ವಿಕೆಟ್‌ಕೀಪರನ ಹಾಗೆ ಕುಕ್ಕರುಗಾಲಿನಲ್ಲಿ ಕೂತ ಕ್ಯಾಚರ್ ಒಬ್ಬನ ಚಿತ್ರ. ಭಾನುವಾರದ ಸಂತೆಯೊಂದರಲ್ಲಿ, ಯಾರದೋ ಷೂ ಡಬ್ಬಿಯಲ್ಲಿ, ಅದು ಸಂಪತ್‌ನ ಕೈಗೆ ಸಿಕ್ಕಾಗ ನೀವೂ ಜೊತೆಗಿದ್ದಿರಿ. ಆಮೇಲೆ ನೀವು ಇಂಥ ಹಳೆಯ ಕಾರ್ಡುಗಳನ್ನು ಪರೀಕ್ಷಿಸಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಸಂಸ್ಥೆಯಲ್ಲೇ ಗ್ರೇಡರ್ ಆದಿರಿ. 2014ರ ಮಾರ್ಚಿನಲ್ಲಿ ಸಂಪತ್ ಆ ಕಾರ್ಡನ್ನು ನಿಮ್ಮ ಸಂಸ್ಥೆಗೆ ಕಳಿಸಿದ. ‘ಆರು ಗ್ಯಾರಂಟಿ ಅಪ್ಪ, ಕ್ಲಿಫ್ ಕೂಡ ಹಂಗೇ ಅಂದ’ ಎಂದು ಊಟದ ಮೇಜಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿದೆ. ಮೇ ತಿಂಗಳಲ್ಲಿ ಅದು ಸೀಲು ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹಿಂದಿರುಗಿತು. ಕೊಟ್ಟಿದ್ದ ಅಂಕ ಮೂರು. ಅಂದಿನಿಂದ ನೀವಿಬ್ಬರೂ ಮಾತಾಡಲಿಲ್ಲ. ಸೆಪ್ಟೆಂಬರಿನಲ್ಲಿ ವಿಂಡ್ಸರ್ ರೋಡಿನ ಅಪಘಾತದಲ್ಲಿ ಅವನು ಹೋದ.

ನಾನು ತುಮಕೂರಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವನು. ಇಪ್ಪತ್ತೆರಡು ವರ್ಷ ಮೌಲ್ಯಮಾಪನ ಶಿಬಿರಗಳಲ್ಲಿ ಉತ್ತರಪತ್ರಿಕೆ ತಿದ್ದಿದವನು. ಅಂಕ ಎಂದರೇನೆಂದು ನನಗೆ ಗೊತ್ತು. ಆದ್ದರಿಂದ ಮೂರೇ ಪ್ರಶ್ನೆ. ಕಾರ್ಡಿನ ಒಡೆಯ ಯಾರೆಂಬುದು ಅಂಕ ಕೊಡುವವರಿಗೆ ತಿಳಿಯುತ್ತದೆಯೆ? ಒಂದೇ ಕಾರ್ಡು ಎರಡು ಸಲ ಬಂದರೆ ಎರಡು ಸಲವೂ ಒಂದೇ ಅಂಕ ಬೀಳುತ್ತದೆಯೆ, ಬೀಳದಿದ್ದರೆ ಎಷ್ಟು ವ್ಯತ್ಯಾಸ ನ್ಯಾಯ? ಪರಿಚಿತರ ಕಾರ್ಡು ಕೈಗೆ ಬಂದರೆ ನಿಮ್ಮ ನಿಯಮ ಏನು?

ಇತಿ,
ಹಿರಿಯಣ್ಣ


ಕ್ಲೈಡ್ ನಾರ್ತ್, ಮೆಲ್ಬರ್ನ್
16 ಫೆಬ್ರವರಿ 2016

ಪ್ರೀತಿಯ ಅಂಕಲ್,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನಾನು ಸಿಡ್ನಿಗೆ ಬಂದಾಗಲೆಲ್ಲ ನೀವು ನನಗೆ ‘ಏನೋ ಕ್ಲಿಫರ್ಡ್’ ಅನ್ನುತ್ತಿದ್ದಿರಿ. ಈಗ ‘ಶ್ರೀ’ ಮತ್ತು ‘ನೀವು’ ನೋಡಿ ಕವರಿನ ಮೇಲಿನ ಹೆಸರು ನನ್ನದೇನಾ ಅಂತ ಮತ್ತೊಮ್ಮೆ ನೋಡಿದೆ.

ನನ್ನ ಕನ್ನಡ ಮೂಡುಬಿದಿರೆಯ ಏಳನೇ ಕ್ಲಾಸಿನಲ್ಲಿ ನಿಂತುಹೋದದ್ದು. ಸಂಪತ್ ತಮಾಷೆ ಮಾಡುತ್ತಿದ್ದ: ‘ನೀನು ಬಾಯಿ ಬಿಟ್ರೆ ರೇಡಿಯೋ ವಾರ್ತೆ ಬಂದಂಗಿರುತ್ತೆ ಕಣೋ, ಒಂದು ಸಲ ಸರಿಯಾಗಿ ಬಯ್ಯೋ ನೋಡೋಣ.’ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ನಮ್ಮ ಮೇಜಿಗೆ ಬರುವ ಕಾರ್ಡಿಗೆ ಹೆಸರು ಇರುವುದಿಲ್ಲ, ಒಂದು ನಂಬರು ಮಾತ್ರ. ಇಬ್ಬರು ಬೇರೆ ಬೇರೆಯಾಗಿ ನೋಡುತ್ತೇವೆ: ಮೂಲೆಗಳು, ಅಂಚು, ಮೇಲ್ಮೈ, ಚಿತ್ರ ಸರಿಯಾಗಿ ನಡುವಿನಲ್ಲಿ ಉಂಟಾ ಇಲ್ಲವಾ ಅಂತ. ಇಬ್ಬರ ಅಂಕ ಕೂಡದಿದ್ದರೆ ಮೂರನೆಯವರು ನೋಡುತ್ತಾರೆ. ಅರವತ್ತು ವರ್ಷ ಹಳೆಯ ಕಾಗದ, ನೋಡುವುದು ಮನುಷ್ಯರ ಕಣ್ಣು. ಬೆಳಿಗ್ಗೆಯ ಕಣ್ಣು ಬೇರೆ, ಊಟ ಆದ ಮೇಲಿನ ಕಣ್ಣು ಬೇರೆ. ಅರ್ಧ ಅಥವಾ ಒಂದು ಅಂಕದ ವ್ಯತ್ಯಾಸ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಬಂದರೆ ಸರಿಯಲ್ಲ. ಕಾರ್ಡೇ ಬದಲಾಗಿರಬೇಕು, ಇಲ್ಲ ನಮ್ಮದು ತಪ್ಪಾಗಿರಬೇಕು.

ಗುರುತಿನವರ ಕಾರ್ಡು ಅಂತ ಗೊತ್ತಾದರೆ ಸೂಪರ್‌ವೈಸರಿಗೆ ಹೇಳಿ ಪಕ್ಕಕ್ಕೆ ಇಡಬೇಕು. ಅದು ನಿಯಮ.

ಅಂತ್ಯಕ್ರಿಯೆಯ ದಿನದ್ದು ನೀವು ಬರೆದದ್ದು ಸರಿ. ನನಗೆ ಧೈರ್ಯ ಇರಲಿಲ್ಲ. ಆಂಟಿ ಹೇಗಿದ್ದಾರೆ?

ನಿಮ್ಮ,
ಕ್ಲಿಫರ್ಡ್


ರೌಸ್ ಹಿಲ್, ಸಿಡ್ನಿ
28 ಫೆಬ್ರವರಿ 2016

ಶ್ರೀ ಕ್ಲಿಫರ್ಡ್ ಲೋಬೊ ಅವರಿಗೆ,

ಉತ್ತರಕ್ಕೆ ಕೃತಜ್ಞ. ಅದನ್ನು ನಿಮ್ಮ ಕೈಯಿಂದಲೇ ಬರೆಸಿಕೊಳ್ಳಬೇಕಿತ್ತು, ಬರೆಸಿಕೊಂಡಾಯಿತು. ಎರಡು ಅಂಕದ ವ್ಯತ್ಯಾಸ ನ್ಯಾಯವಲ್ಲ ಎಂಬುದು ಈಗ ನನ್ನ ಮಾತಲ್ಲ, ನಿಮ್ಮದು.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಮಗ ಹೋದ ಮೇಲೆ ಆ ಕಾರ್ಡನ್ನು ಪೆಟ್ಟಿಗೆಯ ಸಮೇತ ಅವನ ಫೋಟೋದ ಮುಂದೆ, ಕಿಟಕಿಯ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದೆ. ಒಂದು ವರ್ಷ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಅವನ ಪುಸ್ತಕಗಳನ್ನು ಒಪ್ಪ ಮಾಡುವಾಗ ನೋಟ್‌ಬುಕ್ಕೊಂದರಲ್ಲಿ ಎರಡು ಸಾಲು ಸಿಕ್ಕವು: ‘ಮೂರಂತೆ! ಕ್ಲಿಫ್ ಮೂಲೆಗಳಿಗೆ ಏನೋ ಮಾಡಿದ್ದಾನೆ. ಕೇಳಿದರೆ ಬಾಯಿ ಬಿಡುತ್ತಿಲ್ಲ.’

ಸತ್ತ ಮಗನ ಕೈಬರಹವನ್ನು ನಾನು ಸಾಕ್ಷ್ಯವೆಂದು ಸುಮ್ಮನೆ ಒಪ್ಪುವವನಲ್ಲ. ಪರೀಕ್ಷೆ ಮಾಡಿದೆ. ನಮ್ಮ ಬೀದಿಯಲ್ಲೇ ಇರುವ ಸುಬ್ಬಣ್ಣನವರ ಗ್ಯಾರೇಜಿಗೆ ಹೋಗಿ, ಗರಗಸದ ಬ್ಲೇಡಿನಿಂದ ಪೆಟ್ಟಿಗೆಯ ಅಂಚನ್ನು ಕುಯ್ಯಿಸಿ ಕಾರ್ಡನ್ನು ಹೊರತೆಗೆದೆ. ಸುಬ್ಬಣ್ಣನವರು ‘ಏನ್ ಸ್ವಾಮಿ, ಈ ವಯಸ್ಸಲ್ಲಿ ಸಿಐಡಿ ಕೆಲಸ ಶುರು ಮಾಡಿದ್ರಾ? ಸಿಕ್ಕಿಬಿದ್ರೆ ನನ್ ಹೆಸ್ರು ಹೇಳ್ಬೇಡಿ’ ಎಂದರು. ‘ಹೇಳುವುದೇ ನಿಮ್ಮ ಹೆಸರನ್ನು’ ಎಂದೆ. ಕಳೆದ ನವೆಂಬರಿನಲ್ಲಿ ಅದೇ ಕಾರ್ಡು ಸುಬ್ಬಣ್ಣನವರ ಹೆಸರಿನಲ್ಲಿ, ಅವರ ವಿಳಾಸದಿಂದ ನಿಮ್ಮ ಸಂಸ್ಥೆಗೆ ಹೋಯಿತು. ಜನವರಿಯಲ್ಲಿ ಹಿಂದಿರುಗಿತು.

ಅಂಕ ಐದು.

ಕಾರ್ಡು ಒಂದೇ, ಸಂಸ್ಥೆ ಒಂದೇ, ಅಳತೆ ಒಂದೇ. ಸಂಪತ್ ಎಂಬ ಹೆಸರಿದ್ದಾಗ ಮೂರು, ಸುಬ್ಬಣ್ಣ ಎಂಬ ಹೆಸರಿದ್ದಾಗ ಐದು. ಬದಲಾದದ್ದು ಹೆಸರು ಮಾತ್ರ. ‘ಕಾರ್ಡೇ ಬದಲಾಗಿರಬೇಕು’ ಎಂದು ನೀವು ಬಾಗಿಲೊಂದನ್ನು ತೆರೆದಿಟ್ಟುಕೊಂಡಿದ್ದೀರಿ, ಅದನ್ನೂ ಮುಚ್ಚುತ್ತೇನೆ. ಪೆಟ್ಟಿಗೆ ಒಡೆದ ದಿನ ನಾಲ್ಕೂ ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಅವು ಬಿಳಿಯಾಗಿವೆ, ಶುದ್ಧವಾಗಿವೆ. ಹಾಳಾದ ಮೂಲೆಗಳು ಮುಚ್ಚಿದ ಪೆಟ್ಟಿಗೆಯೊಳಗೆ ಕೂತು ತಾವೇ ಗುಣವಾಗುತ್ತವೆಯೆ?

2014ರಲ್ಲಿ ಆ ಕಾರ್ಡನ್ನು ನೋಡಿದ ಇಬ್ಬರಲ್ಲಿ ನೀವೊಬ್ಬರೆ? ಮೂಲೆಗಳಿಗೆ ಏನು ಮಾಡಿದಿರಿ? ಸಂಪತ್ ಕೇಳಿದಾಗ ಏಕೆ ಬಾಯಿ ಬಿಡಲಿಲ್ಲ? ಮಾರ್ಚ್ ಕೊನೆಯವರೆಗೆ ಕಾಯುತ್ತೇನೆ. ಆಮೇಲೆ ಈ ಪ್ರಶ್ನೆಗಳನ್ನು ನಿಮ್ಮ ಮೇಲಿನವರಿಗೆ ಕೇಳುತ್ತೇನೆ.

ಇತಿ,
ಹಿರಿಯಣ್ಣ


ಕ್ಲೈಡ್ ನಾರ್ತ್, ಮೆಲ್ಬರ್ನ್
19 ಮಾರ್ಚ್ 2016

ಪ್ರೀತಿಯ ಅಂಕಲ್,

ಹೌದು, ನೋಡಿದವರಲ್ಲಿ ನಾನೊಬ್ಬ. ಹೆಸರು ಇಲ್ಲದಿದ್ದರೂ ಆ ಕ್ಯಾಚರನನ್ನು ಕಂಡ ಕೂಡಲೇ ಗುರುತು ಸಿಕ್ಕಿತು. ಹಿಂಬದಿಯಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ಹಾಕಿದ ಸಣ್ಣ ಗೀಟು ಉಂಟು. ಸಂತೆಯಲ್ಲಿ ಅದನ್ನು ತೋರಿಸಿ ‘ಇದಕ್ಕೆ ಅರ್ಧ ಅಂಕ ಹೋಗ್ತದೆ’ ಎಂದು ಹೇಳಿದವನು ನಾನೇ. ಆ ಕ್ಷಣದಲ್ಲಿ ಪಕ್ಕಕ್ಕೆ ಇಡಬೇಕಿತ್ತು. ಇಡಲಿಲ್ಲ. ಇದು ತಪ್ಪು. ಇದಕ್ಕೆ ನೀವು ಕಂಪ್ಲೇಂಟ್ ಕೊಟ್ಟರೆ ನಾನು ಒಪ್ಪಿಕೊಳ್ಳುತ್ತೇನೆ.

ನಾನು ಮೂರು ಕೊಟ್ಟೆ. ನನ್ನ ನಂತರ ನೋಡಿದವಳು ಸಂಪತ್‌ನ ಹೆಸರೇ ಕೇಳದವಳು, ಅವಳೂ ಮೂರು ಕೊಟ್ಟಳು. ಸೇಡಿನಿಂದ ಅಲ್ಲ, ಹೊಟ್ಟೆಕಿಚ್ಚಿನಿಂದ ಅಲ್ಲ. ಇಷ್ಟನ್ನು ನಂಬಿದರೆ ಸಾಕು.

ಮೂಲೆಗಳ ಬಗ್ಗೆ ಕೇಳಬೇಡಿ ಅಂಕಲ್. ಕೈಮುಗಿದು ಕೇಳುತ್ತೇನೆ. ನನಗೆ ಭಯ ಉಂಟು ಅಂತ ಅಲ್ಲ. ಅದು ಗೊತ್ತಾದರೆ ನಿಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯದಾಗುವುದಿಲ್ಲ.

ನಿಮ್ಮ,
ಕ್ಲಿಫರ್ಡ್


ರೌಸ್ ಹಿಲ್, ಸಿಡ್ನಿ
3 ಏಪ್ರಿಲ್ 2016

ಶ್ರೀ ಕ್ಲಿಫರ್ಡ್ ಲೋಬೊ ಅವರಿಗೆ,

ಅರ್ಧ ಒಪ್ಪಿಗೆ ಅತ್ಯಂತ ಹಳೆಯ ಉಪಾಯ. ಚಿಕ್ಕ ತಪ್ಪನ್ನು ತಾನಾಗಿ ಎದುರಿಗಿಟ್ಟವನನ್ನು ಸಭೆ ಪ್ರಾಮಾಣಿಕನೆಂದು ನಂಬುತ್ತದೆ. ದೊಡ್ಡ ತಪ್ಪು ಅದರ ಹಿಂದೆ ನೆರಳಿನಲ್ಲಿ ನಿಂತಿರುತ್ತದೆ. ನಾನು ವಿದ್ಯಾರ್ಥಿಯಾಗಿದ್ದಾಗ ಈ ಉಪಾಯವನ್ನು ಹಲವು ವೇದಿಕೆಗಳಲ್ಲಿ ಬಳಸಿದ್ದೇನೆ. ಆದ್ದರಿಂದ ದೂರದಿಂದಲೇ ಗುರುತು ಹಿಡಿಯಬಲ್ಲೆ.

1972ರಲ್ಲಿ ದಾವಣಗೆರೆಯ ಅಂತರಕಾಲೇಜು ಚರ್ಚಾಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನನ್ನ ಎದುರಿಗೆ ರುದ್ರಾಣಿ ಎಂಬ ಹುಡುಗಿ ಇದ್ದಳು. ನನಗಿಂತ ಚೆನ್ನಾಗಿ ಮಾತಾಡುತ್ತಿದ್ದಳು. ನಾನೊಂದು ಪ್ರಶ್ನೆ ಎಸೆದೆ. ಅವಳು ಎದ್ದು ನಿಂತು, ನನ್ನನ್ನು ಒಂದು ಗಳಿಗೆ ನೋಡಿ, ಏನೂ ಹೇಳದೆ ಕುಳಿತುಬಿಟ್ಟಳು. ಪಾರಿತೋಷಕ ನನ್ನ ಕಾಲೇಜಿಗೆ ಬಂತು. ಉತ್ತರವಿದ್ದವರು ಕುಳಿತುಕೊಳ್ಳುವುದಿಲ್ಲ ಎಂದು ಅಂದು ಕಲಿತೆ. ನೀವು ಕುಳಿತಿದ್ದೀರಿ.

‘ನಿಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯದಾಗುವುದಿಲ್ಲ’ ಎಂಬ ಮಾತನ್ನು ಬೆದರಿಕೆಯೆಂದು ಓದಬೇಕೆ, ನನ್ನ ಮಗನ ಮೇಲೆ ಹೊರಿಸಲಿರುವ ಆಪಾದನೆಯ ಮುನ್ಸೂಚನೆಯೆಂದು ಓದಬೇಕೆ? ಸಂಪತ್ ಏನೋ ಮೋಸ ಮಾಡಿದ್ದ, ನೀವು ಅದನ್ನು ಮುಚ್ಚಿ ಉಪಕಾರ ಮಾಡಿದಿರಿ ಎಂದು ನಾಳೆ ಹೇಳುವ ಯೋಚನೆಯಿದ್ದರೆ ಈಗಲೇ ಬಿಟ್ಟುಬಿಡಿ. ಅವನಿಗೆ ಪ್ರತ್ಯುತ್ತರ ಕೊಡಲು ಬಾಯಿಲ್ಲ. ಅವನ ಪರವಾಗಿ ನಾನಿದ್ದೇನೆ.

ನಿನ್ನೆ ದೂರನ್ನು ಅಂಚೆಗೆ ಹಾಕಿದೆ. ಎರಡು ಅಂಕಪಟ್ಟಿಗಳ ಪ್ರತಿ, ನಿಮ್ಮ ಎರಡು ಕಾಗದಗಳ ಪ್ರತಿ ಮತ್ತು ಅವುಗಳ ಇಂಗ್ಲಿಷ್ ಅನುವಾದ ಅದರ ಜೊತೆಗಿವೆ. ಮೊದಲ ಸಲ ಬಂದಾಗ ಕಾರ್ಡು ಹೇಗಿತ್ತೆಂಬುದಕ್ಕೆ ಅವರ ಬಳಿ ಇರುವ ಛಾಯಾಚಿತ್ರಗಳನ್ನು ಕೇಳಿದ್ದೇನೆ. ನೀವು ಹೇಳದ್ದನ್ನು ಅವು ಹೇಳಲಿ.

ಇತಿ,
ಹಿರಿಯಣ್ಣ


ಕ್ಲೈಡ್ ನಾರ್ತ್, ಮೆಲ್ಬರ್ನ್
1 ಮೇ 2016

ಪ್ರೀತಿಯ ಅಂಕಲ್,

ವಿಚಾರಣೆ ಶುರುವಾಗಿದೆ. ಮುಗಿಯುವವರೆಗೆ ನನ್ನನ್ನು ಗ್ರೇಡಿಂಗ್ ಮೇಜಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ದಾರೆ. ಬೇರೆಯವರು ಅಂಕ ಕೊಟ್ಟ ಕಾರ್ಡುಗಳನ್ನು ನಾನು ಡಬ್ಬದಲ್ಲಿಟ್ಟು ಟೇಪು ಅಂಟಿಸುತ್ತೇನೆ. ಕೆಲಸ ಉಳಿಯುತ್ತದಾ ಇಲ್ಲವಾ ಜುಲೈಯಲ್ಲಿ ಗೊತ್ತಾಗುತ್ತದೆ. ನಿಮ್ಮ ಮೇಲೆ ಸಿಟ್ಟಿನಿಂದ ಇದನ್ನು ಬರೆಯುವುದಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಎರಡು ಅಂಕದ ವ್ಯತ್ಯಾಸ ಬಂದರೆ ಯಾರೇ ಆದರೂ ಕೇಳಬೇಕು.

ನನ್ನ ಹೆಂಡತಿ ವಿನಿಷಾಗೆ ಹೆರಿಗೆಗೆ ಜೂನ್ ಮೊದಲ ವಾರ ಡೇಟು ಕೊಟ್ಟಿದ್ದಾರೆ. ಮೊನ್ನೆ ಕೊಂಕಣಿಯಲ್ಲಿ ಸರಿಯಾಗಿ ಬೈದಳು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಎಂಥದು ನಿಮ್ಮದು? ಆ ಅಂಕಲ್‌ಗೆ ಒಂದು ಮಾತು ಹೇಳಿದ್ರೆ ಮುಗೀತಲ್ಲ. ಸತ್ತವನಿಗೆ ಕೊಟ್ಟ ಮಾತಾ ಇದು?’ ನಾನು ಹೇಳಿದೆ, ಅವನಿಗೆ ಕೊಟ್ಟದ್ದಲ್ಲ, ಯಾರಿಗೂ ಕೊಟ್ಟದ್ದಲ್ಲ ಅಂತ. ‘ಹಾಗಾದ್ರೆ ಮತ್ತೂ ಹುಚ್ಚು’ ಅಂದಳು.

ಫೋಟೋಗಳನ್ನು ನಿಮಗೆ ಕಳಿಸುತ್ತಾರಂತೆ. ನನ್ನಿಂದ ಅದನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಆ ಕವರು ಬಂದಾಗ ನೀವೊಬ್ಬರೇ ತೆರೆಯಿರಿ. ಆಂಟಿ ಪಕ್ಕದಲ್ಲಿ ಇರುವುದು ಬೇಡ.

ನಿಮ್ಮ,
ಕ್ಲಿಫರ್ಡ್


ರೌಸ್ ಹಿಲ್, ಸಿಡ್ನಿ
22 ಮೇ 2016

ಕ್ಲಿಫರ್ಡ್,

ಫೋಟೋಗಳು ಗುರುವಾರ ಬಂದವು.

ಆಂಟಿಯ ಮುಂದೆ ತೆರೆಯಬೇಡಿ ಎಂಬ ನಿನ್ನ ಮಾತಿನಲ್ಲೂ ನಾನು ತಂತ್ರವನ್ನೇ ಕಂಡಿದ್ದೆ. ಸಾಕ್ಷಿಯಿಲ್ಲದ ಜಾಗದಲ್ಲಿ ನನ್ನನ್ನು ಒಂಟಿಯಾಗಿಸುವ ಹೂಟ ಇದು ಎಂದುಕೊಂಡು, ಬೇಕೆಂದೇ ಸುಬ್ಬಣ್ಣನವರನ್ನು ಸಾಕ್ಷಿಯಾಗಿಟ್ಟುಕೊಂಡು ಅವರ ಗ್ಯಾರೇಜಿನಲ್ಲಿ ಕವರು ಒಡೆದೆ. ಎರಡು ಚಿತ್ರಗಳಿದ್ದವು. ಒಂದು ಸಾಧಾರಣ ಬೆಳಕಿನಲ್ಲಿ ತೆಗೆದದ್ದು. ಮೂಲೆಗಳಲ್ಲಿ ಹಳೆಯ ಕಾಗದಕ್ಕೆ ಸಹಜವಾದಂಥ ಮಾಸಲು ಹಳದಿ. ಇನ್ನೊಂದು ನೀವು ಪರೀಕ್ಷೆಗೆ ಬಳಸುವ ನೇರಳೆ ದೀಪದ ಕೆಳಗೆ ತೆಗೆದದ್ದು. ಅದರಲ್ಲಿ ಕಾರ್ಡೆಲ್ಲ ಕಪ್ಪು. ನಾಲ್ಕು ಮೂಲೆಗಳು ಮಾತ್ರ ದೀಪ ಹಚ್ಚಿಟ್ಟ ಹಾಗೆ ಹಳದಿಯಾಗಿ ಉರಿಯುತ್ತಿದ್ದವು. ಒಂದರಲ್ಲಿ ಬೆರಳಿನ ಗೆರೆಗಳೂ ಕಾಣುತ್ತಿದ್ದವು.

ನಾನು ಅದನ್ನು ರಾಸಾಯನಿಕವೆಂದೆ. ದ್ರೋಹಕ್ಕೆ ಪುರಾವೆ ಸಿಕ್ಕಿತೆಂದೆ. ಸುಬ್ಬಣ್ಣನವರು ಕನ್ನಡಕ ಏರಿಸಿಕೊಂಡು ನೋಡಿ, ‘ಇದೇನ್ ಸ್ವಾಮಿ, ಒಳ್ಳೆ ಲಗ್ನಪತ್ರಿಕೆ ಇದ್ದಂಗಿದೆ!’ ಎಂದು ನಕ್ಕರು.

ನಾನು ನಗಲಿಲ್ಲ. ಮನೆಗೆ ಬಂದೆ. ನಿನ್ನ ಆಂಟಿ ಚಂದ್ರಪ್ರಭಾ ಹುರುಳಿಕಾಯಿ ಸೋಸುತ್ತಿದ್ದಳು. ಬೇರೆ ಯಾವುದೋ ಮಾತಿನ ನಡುವೆ ಬಂದ ಹಾಗೆ ಕೇಳಿದೆ.

‘ಸಂಪತ್ ಆ ಆಟದ ಕಾರ್ಡನ್ನು ಮೆಲ್ಬರ್ನಿಗೆ ಕಳಿಸಿದನಲ್ಲ, ಆಗ ನೀನೇನಾದರೂ ಅದನ್ನು ಮುಟ್ಟಿದ್ದೆಯಾ?’

‘ಹೂಂ, ಅರಿಶಿನ ಹಚ್ಚಿದ್ದೆ. ಯಾಕೆ? ಮಾರ್ಕ್ಸ್ ಹಾಕ್ಸೋಕೆ ಕಳಿಸ್ತಿದೀನಿ ಅಂದ. ಹಾಲ್ ಟಿಕೆಟ್‌ಗೆ ಹಚ್ತಿರ್ಲಿಲ್ವಾ ನಾನು? ಅವನು ಸ್ನಾನಕ್ಕೆ ಹೋದಾಗ ಕವರಿಂದ ತೆಗೆದು ನಾಲ್ಕೂ ಮೂಲೆಗೆ ಒಂದೊಂಚೂರು ಹಚ್ಚಿ, ಇದ್ದಂಗೇ ಇಟ್ಟೆ. ಗೊತ್ತಾಗಿದ್ರೆ ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ದ.’

ಅವಳಿಗೆ ನಗು ಬಂತು. ಅವನ ವಿಷಯ ಮಾತಾಡುವಾಗ ಅವಳು ನಕ್ಕದ್ದನ್ನು ನಾನು ನೋಡಿ ಇಪ್ಪತ್ತು ತಿಂಗಳಾಗಿತ್ತು. ಆಮೇಲೆ ಕೇಳಿದಳು:

‘ಅಂದ್ಹಾಗೆ ಅದು ಏನಾಯ್ತು ಕೊನೆಗೆ? ಪಾಸಾಯ್ತಾ?’

ಪೆಟ್ಟಿಗೆಯ ಮೇಲಿದ್ದ ಮೂರನ್ನು ಅವಳು ಕಾರ್ಡಿನ ನಂಬರೆಂದು ತಿಳಿದಿದ್ದಳು. ನಾನು ‘ಫಸ್ಟ್ ಕ್ಲಾಸ್’ ಎಂದೆ. ಎಪ್ಪತ್ತರ ಹತ್ತಿರ ಬಂದಿದ್ದೇನೆ. ಹೆಂಡತಿಗೆ ನೇರವಾಗಿ ಸುಳ್ಳು ಹೇಳಿದ ಇನ್ನೊಂದು ದಿನ ನೆನಪಾಗುವುದಿಲ್ಲ.

ಇನ್ನು ಉಳಿದದ್ದು ಐದರ ವಿಷಯ. ಫೋಟೋ ಇಟ್ಟಿರುವ ಹಲಗೆಯ ಮುಂದೆ ನಿಂತು ನೋಡಿದೆ. ಈ ದೇಶದಲ್ಲಿ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ, ಆ ಕಿಟಕಿ ಉತ್ತರಕ್ಕಿದೆ. ಒಂದು ವರ್ಷ ಪ್ರತಿದಿನ ಮಧ್ಯಾಹ್ನದ ಬಿಸಿಲು ಆ ಕಾರ್ಡಿನ ಮೇಲೆ ಬಿದ್ದಿದೆ. ಅರಿಶಿನದ ಕಲೆಯಾದ ಬಟ್ಟೆಯನ್ನು ಹೆಂಗಸರು ಬಿಸಿಲಿಗೆ ಹಾಕುವುದನ್ನು ಬಾಲ್ಯದಿಂದ ನೋಡಿದ್ದೇನೆ. ಹಾಳಾದ ಮೂಲೆಗಳು ಮುಚ್ಚಿದ ಪೆಟ್ಟಿಗೆಯೊಳಗೆ ಕೂತು ತಾವೇ ಗುಣವಾಗುತ್ತವೆಯೆ ಎಂದು ನಿನ್ನನ್ನು ಕೇಳಿದ್ದೆ. ಆಗುತ್ತವೆ. ಅದನ್ನು ಬಿಸಿಲಿಗಿಟ್ಟವನು ನಾನೇ. ಹೆಸರೊಂದೇ ಬದಲಾಗಿದೆ ಎಂದು ವಾದಿಸಿದವನೂ ನಾನೇ.

ನಿನಗೆ ಮೊದಲ ದಿನವೇ ಗೊತ್ತಿತ್ತು. ಸಂಪತ್ ಕೇಳಿದಾಗ ಒಂದು ಮಾತು ಹೇಳಿದ್ದರೆ ನಿಮ್ಮ ಸ್ನೇಹ ಉಳಿಯುತ್ತಿತ್ತು. ಏಕೆ ಹೇಳಲಿಲ್ಲ? ಈ ಪ್ರಶ್ನೆಯ ಹಿಂದೆ ಬೇರೆ ಪ್ರಶ್ನೆ ಇಲ್ಲ. ತಿಳಿಯಬೇಕೆಂದು ಕೇಳುತ್ತಿದ್ದೇನೆ.

ರುದ್ರಾಣಿ ಅಂದು ಏಕೆ ಕುಳಿತಳೆಂದು ನಾನು ಅವಳನ್ನು ಕೇಳಲೇ ಇಲ್ಲ.

ಇತಿ,
ಹಿರಿಯಣ್ಣ


ಕ್ಲೈಡ್ ನಾರ್ತ್, ಮೆಲ್ಬರ್ನ್
12 ಜೂನ್ 2016

ಪ್ರೀತಿಯ ಅಂಕಲ್,

ಜೂನ್ ಮೂರಕ್ಕೆ ಮಗಳು ಹುಟ್ಟಿದಳು. ರಿಯೋನಾ ಅಂತ ಹೆಸರಿಟ್ಟಿದ್ದೇವೆ. ಅದಕ್ಕೇ ಉತ್ತರ ತಡವಾಯಿತು.

2011ರಲ್ಲಿ ಸಂಪತ್ ಈ ದೇಶದಲ್ಲಿ ಕಾಯಂ ಇರಲಿಕ್ಕೆ ಪಿಆರ್‌ಗೆ ಅರ್ಜಿ ಹಾಕುವಾಗ ಆಂಟಿ ತುಮಕೂರಿನಿಂದ ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಕಳಿಸಿದ್ದರು. ಪ್ರತಿಯೊಂದರ ನಾಲ್ಕೂ ಮೂಲೆಗೆ ಅರಿಶಿನ. ಸಂಪತ್ ಫೋನಿನಲ್ಲಿ ಕೂಗಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ: ‘ಆಫೀಸಿನೋರು ಇದನ್ನ ಕೊಳಕು ಅಂತಾರೆ ಕಣಮ್ಮ! ನಿಂಗೆ ಎಷ್ಟು ಸಲ ಹೇಳ್ಬೇಕು?’ ಮರುದಿನ ಆಂಟಿ ನನ್ನ ನಂಬರಿಗೆ ಫೋನ್ ಮಾಡಿ ಮೆಲ್ಲ ಕೇಳಿದರು: ‘ಅವನಿಗೆ ಇನ್ನೂ ಸಿಟ್ಟಿದೆಯಾಪ್ಪ? ಊಟ ಮಾಡಿದ್ನಾ?’ ಆ ಸ್ವರ ನನಗೆ ಮರೆಯಲಿಕ್ಕೆ ಆಗಲಿಲ್ಲ.

ಕ್ಯಾಚರ್ ಕಾರ್ಡು ದೀಪದ ಕೆಳಗೆ ಬಂದಾಗ ಎಲ್ಲ ಗೊತ್ತಾಯಿತು. ಸಂಪತ್‌ಗೆ ಹೇಳಿದರೆ ಮತ್ತೆ ಆಂಟಿಯ ಮೇಲೆ ಕೂಗುತ್ತಾನೆ. ನನ್ನ ಮೇಲೆ ಕೂಗಿದರೆ ನಾನು ತಡೆದುಕೊಳ್ಳುತ್ತೇನೆ ಅಂದುಕೊಂಡೆ. ‘ಏನೋ ಮಾಡಿದ್ದೀಯ, ಹೇಳೋ’ ಅಂದ. ‘ನಿಯಮ ಇಲ್ಲ ಮಾರಾಯ, ಕಾರಣ ಹೇಳುವಂತಿಲ್ಲ’ ಅಂದೆ. ‘ನಿಯಮದೋನು ಬಂದ ನೋಡು’ ಅಂತ ಫೋನ್ ಇಟ್ಟುಬಿಟ್ಟ. ಕ್ರಿಸ್ಮಸ್ಸಿಗೆ ಸಿಡ್ನಿಗೆ ಬಂದು ಹೇಳಿದರೆ ಇಬ್ಬರೂ ನಗಬಹುದು ಅಂತ ಲೆಕ್ಕ ಹಾಕಿದ್ದೆ. ಕ್ರಿಸ್ಮಸ್ ಬರಲಿಕ್ಕೆ ಅವನು ಇರಲಿಲ್ಲ.

ಇನ್ನೊಂದು ಸತ್ಯ ಉಂಟು. ಕಾರ್ಡನ್ನು ಪಕ್ಕಕ್ಕೆ ಇಡದೆ ಇದ್ದದ್ದು ಮರೆತು ಅಲ್ಲ. ನಮ್ಮಲ್ಲಿ ಬೇರೆ ಯಾರು ನೋಡಿದ್ದರೂ ‘ಬಣ್ಣ ಹಚ್ಚಿ ತಿದ್ದಿದ್ದಾರೆ’ ಅಂತ ಬರೆದು, ಅಂಕವೇ ಕೊಡದೆ, ಮೋಸದ ಪಟ್ಟಿಗೆ ಸೇರಿಸಿ ವಾಪಸು ಕಳಿಸುತ್ತಿದ್ದರು. ಸಂಪತ್‌ನ ಹೆಸರಿಗೆ ಕಪ್ಪು ಚುಕ್ಕೆ ಬರುತ್ತಿತ್ತು. ನಾನು ‘ಮನೆಯಲ್ಲಿ ತಾಗಿದ ಕಲೆ, ಮೋಸ ಅಲ್ಲ’ ಅಂತ ಷರಾ ಬರೆದು ಮೂರು ಹಾಕಿದೆ. ನಂತರದವಳಿಗೆ ನನ್ನ ಅಂಕ ಕಾಣುವುದಿಲ್ಲ, ಷರಾ ಮಾತ್ರ ಕಾಣುತ್ತದೆ, ಅದನ್ನು ಒಪ್ಪಿ ಅವಳೂ ಮೂರು ಹಾಕಿದಳು. ನೀವು ಪಕ್ಷಪಾತ ಅಂದಿರಿ. ಪಕ್ಷಪಾತ ಇತ್ತು ಅಂಕಲ್. ಅದು ಅವನ ಕಡೆಗಿತ್ತು.

ಐದು ಕೂಡ ಸರಿಯಲ್ಲ. ಬಿಸಿಲು ಅರಿಶಿನದ ಜೊತೆ ಕ್ಯಾಚರನ ಟೋಪಿಯ ಕೆಂಪನ್ನೂ ಸ್ವಲ್ಪ ತಿಂದಿರಬೇಕು. ನೋಡಿದವರು ತಪ್ಪಿಸಿಕೊಂಡಿದ್ದಾರೆ. ನಾನಾದರೆ ನಾಲ್ಕರ ಮೇಲೆ ಕೊಡುತ್ತಿರಲಿಲ್ಲ.

ಇದನ್ನೆಲ್ಲ ನೀವು ವಿಚಾರಣೆಗೆ ಕಳಿಸಬಹುದು. ಬರೆದದ್ದು ಬರೆದ ಹಾಗೆ ಇರುತ್ತದೆ.

ನಿಮ್ಮ,
ಕ್ಲಿಫರ್ಡ್


ರೌಸ್ ಹಿಲ್, ಸಿಡ್ನಿ
3 ಜುಲೈ 2016

ಚಿರಂಜೀವಿ ಕ್ಲಿಫರ್ಡ್‌ಗೆ,

ವಿನಿಷಾಗೂ ಮಗುವಿಗೂ ನಮ್ಮಿಬ್ಬರ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ಒಮ್ಮೆಯೂ ಯಾರಿಗೂ ಕನಿಕರದಿಂದ ಒಂದು ಅಂಕ ಹಾಕಲಿಲ್ಲ. ಸ್ವಂತ ಮಗನ ಪತ್ರಗಳನ್ನು ಕೂಡ ಕಾಗುಣಿತ ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದೆ. ನನ್ನ ಶಿಬಿರದಲ್ಲಿ ನೀನಿದ್ದು ಹೀಗೆ ಮಾಡಿದ್ದರೆ ನಾನೇ ನಿನ್ನ ಹೆಸರನ್ನು ಮೇಲಕ್ಕೆ ಬರೆಯುತ್ತಿದ್ದೆ. ನಿಯಮದ ಪ್ರಕಾರ ನೀನು ತಪ್ಪಿತಸ್ಥ. ಇದನ್ನು ಬದಲಿಸಿ ಹೇಳಲಾರೆ.

ಆದರೆ ಆ ಕಾಗದ ವಿಚಾರಣೆಗೆ ಹೋಗಿಲ್ಲ. ಸಂಪತ್‌ನ ನೋಟ್‌ಬುಕ್ಕಿನೊಳಗೆ, ಆ ಎರಡು ಸಾಲುಗಳಿರುವ ಪುಟದಲ್ಲಿ ಇದೆ.

ನಿಮ್ಮ ಸಂಸ್ಥೆಗೆ ಎರಡು ಪತ್ರ ಬರೆದೆ. ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಕಾರಣ ತಿಳಿಸುವುದಿಲ್ಲ ಎಂಬುದು ಒಂದು. ವಾದ ಹೂಡಿ ಕಾರಣ ಕೊಡದೆ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ಸುಬ್ಬಣ್ಣನವರ ಹೆಸರಿನಲ್ಲಿ ಬಂದ ಐದು ನ್ಯಾಯವಲ್ಲ, ಕೆಂಪು ಮಾಸಿದ್ದನ್ನು ನಿಮ್ಮವರು ಗಮನಿಸಿಲ್ಲ, ಅದನ್ನು ರದ್ದು ಮಾಡಿ ಎಂಬುದು ಇನ್ನೊಂದು. ಲೇಬಲನ್ನೂ ಜೊತೆಗೆ ಕಳಿಸಿದ್ದೇನೆ. ‘ಗೆದ್ದ ಕೇಸನ್ನ ಸೋಲ್ತಿದೀರಲ್ಲ ಸ್ವಾಮಿ’ ಎನ್ನುತ್ತ ಸುಬ್ಬಣ್ಣನವರೇ ಎರಡನೆಯ ಪೆಟ್ಟಿಗೆಯನ್ನೂ ಕುಯ್ದುಕೊಟ್ಟರು.

ಕಾರ್ಡನ್ನು ರಿಯೋನಾಗೆ ಕಳಿಸುತ್ತಿದ್ದೇನೆ. ನಿನ್ನೆ ಕವರು ಸಿದ್ಧ ಮಾಡುವಾಗ ಚಂದ್ರಪ್ರಭಾ ಬಂದು ‘ಇದೆಲ್ಲಿಗೆ?’ ಎಂದಳು.

‘ಕ್ಲಿಫರ್ಡನ ಮಗಳಿಗೆ.’

‘ಮಗೂಗೆ ಬರೀ ಕೈಯಲ್ಲಿ ಕಳಿಸ್ತೀರಾ? ತಡೀರಿ.’

ಅರಿಶಿನದ ಬಟ್ಟಲು ತಂದಳು. ಕವರಿನ ಮೂಲೆಗೆ ಬೆರಳು ಒಯ್ಯುವ ಮೊದಲು ನಾನು ಕಾರ್ಡನ್ನೇ ಹೊರಗೆ ತೆಗೆದು ಅವಳ ಮುಂದೆ ಇಟ್ಟೆ. ಅವಳು ನನ್ನ ಮುಖ ನೋಡಿದಳು.

‘ಇದಕ್ಕೇನಾ? ಹಾಳಾಗಲ್ವಾ?’

‘ಇಲ್ಲ.’

ಏನನ್ನು ಎಷ್ಟು ಅರ್ಥ ಮಾಡಿಕೊಂಡಳೋ ನಾನು ಕೇಳಲಿಲ್ಲ. ಒಂದೊಂದಾಗಿ ಮೂರು ಮೂಲೆಗೆ ಹಚ್ಚಿದಳು. ನಾಲ್ಕನೆಯದಕ್ಕೆ ಬಂದಾಗ ಕೈ ತಡೆದು, ಬಟ್ಟಲನ್ನು ನನ್ನ ಕಡೆಗೆ ಹಿಡಿದಳು.

ಕಾರ್ಡು ತಲುಪಿದಾಗ ಅದನ್ನು ನಿನ್ನ ದೀಪದ ಕೆಳಗೆ ಹಿಡಿದು ನೋಡು. ಬಲಗಡೆಯ ಕೆಳಮೂಲೆಯಲ್ಲಿ ಬಣ್ಣ ಹೆಚ್ಚಾಗಿದೆ, ಅಂಚು ದಾಟಿ ಒಳಗೂ ಹರಡಿದೆ. ಆ ಕೆಲಸ ನನಗೆ ಅಭ್ಯಾಸವಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅಂಕಲ್
ಹಿರಿಯಣ್ಣ